ಫ್ಯಾಮಿಲಿ ರೂಮಿನ ಪರದೆ

ದಂಡು ನಿಲ್ದಾಣಕ್ಕೆ ನನ್ನ ರೈಲು ಬರುವುದು ಇನ್ನೂ ತಡವೆಂದು ಶಿವಾಜಿನಗರದ ಹಳೆಯ ಹೋಟೆಲಿಗೆ ನಡೆದೆ. ಅಲ್ಲಿನ ಫ್ಯಾಮಿಲಿ ರೂಮಿನ ಹಸಿರು ಪರದೆಯನ್ನು ತೆಗೆದುಬಿಟ್ಟಿದ್ದಾರೆ.

ತೊಂಬತ್ತರ ದಶಕದಲ್ಲಿ ಕೆ.ಆರ್. ಪುರದ ಗೆಳೆಯ ಮುನಿರಾಜು ತನ್ನ ಅಪ್ಪ ಅಮ್ಮನನ್ನು ಮೊದಲ ಸಲ ಹೋಟೆಲಿಗೆ ಕರೆತಂದಾಗ, ಆ ಪರದೆಯ ಹಿಂದೆ ನಾನೂ ಇದ್ದೆ. ಅವರ ಮನೆಯಲ್ಲಿ ಗಂಡಸರು ಉಂಡೆದ್ದ ಮೇಲೆಯೇ ಹೆಂಗಸರ ಊಟ. ಇಲ್ಲಾದರೂ ಅಮ್ಮ ಜತೆಗೆ ಕೂತು ತಿನ್ನಲಿ ಎಂಬುದು ಅವನ ಆಸೆ. ಪೂರಿ, ಸಾಗು ಬಂದೊಡನೆ ಅಮ್ಮ ಎದ್ದು ನಿಂತು ನಮಗೆಲ್ಲ ಬಡಿಸತೊಡಗಿದರು.

“ಅಮ್ಮಾ, ಸಪ್ಲೈಯರ್ ಕೆಲ್ಸ ಕಿತ್ಕೋಬೇಡ, ಕೂತ್ಕೋ,” ಎಂದ ಮುನಿರಾಜು.

“ನೀವು ತಿನ್ರಪ್ಪ, ನಂದು ಆಮೇಲೆ.”

ಅವನ ಅಪ್ಪ ತಮ್ಮ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. “ನೀನು ಕುಂತ್ರೇನೇ ನಾನು ತಿನ್ನೋದು. ಆರೋಗ್ತೈತೆ, ಕುಂತ್ಕೊ.”

ಅಮ್ಮ ಪರದೆಯನ್ನು ಇನ್ನಷ್ಟು ಎಳೆದು, ಹೊರಗಿನವರಿಗೆ ಕಾಣದಂತೆ ಮಾಡಿ ಕೂತರು. ಉಬ್ಬಿದ ಪೂರಿಯನ್ನು ಮುರಿದರು. ಒಳಗಿನ ಹಬೆ ತಾಗಿ ಸರಕ್ಕನೆ ಕೈ ಹಿಂತೆಗೆದರು.

“ಅಯ್ಯೋ, ಇದರೊಳಗೆ ಇಷ್ಟು ಬಿಸಿ ಇರ್ತೈತಾ!”

ಮನೆಯಲ್ಲಿ ಪ್ರತಿ ಹಬ್ಬಕ್ಕೂ ಪೂರಿ ಕರಿಯುತ್ತಿದ್ದವರು ಅವರೇ.