ಬಾಣಂತಿ ಕೋಣ್ಯಾಗ ನೆನಪಾದ ತೂತಿನ ಲೆಕ್ಕ

ತಾವರಗೇರಾದ ತವರುಮನ್ಯಾಗ ನಾನು ಬಾಣಂತಿ. ಕಿಡಕಿ ಬಂದ್, ಬಾಗಿಲಾ ಬಂದ್, ಕಿವಿಗೆ ಅರಿವಿ, ಮಂಚದ ಬುಡಕ ಕೆಂಡದ ಶೆಗಡಿ. ಮಗಳು ಹುಟ್ಟಿ ಇಪ್ಪತ್ತು ದಿನ ಆಗಿತ್ತು. ಪೆನ್ನು ಹಿಡದ್ರ ಸಾಕು, ಅವ್ವ ಕಸಗೊಳ್ತಿದ್ದಳು: "ಹಸಿ ಮೈ ಐತಿ, ಕಣ್ಣು ಹೋಗ್ತಾವ." ಪ್ರೀತಿಲೇನ ಮಾಡ್ತಿದ್ದಳು, ಖರೆ. ಆದ್ರ ನನಗ ಉಸಿರು ಕಟ್ಟತಿತ್ತು.

ನನ್ನ ಕೆಲಸ ದೂರದರ್ಶಕಕ್ಕ ಪ್ಲೇಟು ವಿನ್ಯಾಸ ಮಾಡೂದು. ಅಲ್ಯುಮಿನಿಯಂ ಪ್ಲೇಟಿನ್ಯಾಗ ನೂರಾರು ತೂತು, ಒಂದೊಂದು ತೂತಿಗೂ ಆಕಾಶದಾಗಿನ ಒಂದೊಂದು ಗ್ಯಾಲಕ್ಸಿ. ತೂತಿನ್ಯಾಗ ಸಿಗಿಸಿದ ಗಾಜಿನ ಎಳಿ ಆ ಬೆಳಕನ್ನ ಬಣ್ಣ ಬಿಡಿಸೋ ಯಂತ್ರಕ್ಕ ಒಯ್ತೈತಿ. ಬೆಳಕು ಎಷ್ಟು ಕೆಂಪಿಗೆ ಸರದೈತಿ ನೋಡಿ ದೂರ ಅಳೀತಾರ. ತೂತು ಕೂದಲೆಳಿಯಷ್ಟು ಸರದ್ರೂ ಆ ಗ್ಯಾಲಕ್ಸಿ ಹೋದಂಗ. ಹೆರಿಗಿಗೆ ಬರೂ ಮುಂಚೆ ಲೆಕ್ಕ ಮುಗಿಸಿ ಕೊಟ್ಟಿದ್ದು ನಾನೊಬ್ಬಾಕಿನ ಮಾಡಿದ ಮೊದಲ ಪ್ಲೇಟು. ಛಲೋ ಆದ್ರ ಮುಂದಿನವೆಲ್ಲಾ ನಿಮಗ ಅಂದಿದ್ರು ನಮ್ಮ ಸಾಹೇಬ್ರು.

ಒಂದಿನ ಮಧ್ಯಾಹ್ನ ಕೆಂಡ ಆರಿ, ಶೆಗಡಿಯ ಕಬ್ಬಿಣ ಟಣ್ ಅಂತ ಕುಗ್ಗಿತು. ಅಯ್ಯ ನನ್ನ ಹಣೇಬರಾ! ಬಿಸಿಲೂರಾಗ ಬೆಳದಾಕಿ ನಾನು, ಲೋಹ ಅಂದ್ರ ಹಿಗ್ಗೂದು ಅಂತನ ತಲ್ಯಾಗ ಕುಂತಿತ್ತು. ಪ್ಲೇಟು ಹಿಗ್ಗತೈತಿ ಅಂತ ತೂತೆಲ್ಲಾ ಒಂಚೂರು ಒಳಗ ಸರಿಸಿಟ್ಟಿದ್ದೆ. ದೂರದರ್ಶಕ ಇರೂದು ಥಂಡಿ ಗುಡ್ಡದ ಮ್ಯಾಲ! ಅಲ್ಲಿ ಪ್ಲೇಟು ಕುಗ್ಗತೈತಿ, ತೂತು ಒಂಚೂರು ಹೊರಗ ಸರಿಸಿರಬೇಕು. ಮರುದಿನಾನ ವರ್ಕ್‌ಶಾಪಿನ್ಯಾಗ ಆ ತೂತು ಕೊರಿಯೋರಿದ್ರು.

ಸಾಹೇಬ್ರಿಗೆ ಫೋನ್ ಮಾಡಬೇಕಂದ್ರ ಎಸ್‌ಟಿಡಿ ಬೂತು ಎದುರಿನ ಓಣ್ಯಾಗ. ಎದ್ದು ಹೊಂಟೆ. ಅವ್ವ ಬಾಗಿಲಕ್ಕ ಅಡ್ಡ ನಿಂತಳು.

"ಮೈಯಾಗ ಗಾಳಿ ಹೊಕ್ಕರ ಯಾರು ನೋಡತಾರ? ಹೊಸ್ತಿಲಾ ದಾಟಬ್ಯಾಡ."

"ಯವ್ವಾ, ನನ್ನ ಕೆಲಸ ಹೋಗತೈತಿ ಬೇ!"

"ಹೋದ್ರ ಹೋಗವಲ್ದ್ಯಾಕ. ಜೀವ ಹೋದ್ರ ಬರತೈತೇನ?"

ಕಣ್ಣೀರು ಹಾಕಿದೆ, ಒದರಾಡಿದೆ. ಬಾಯಿಗೆ ಬಂದಂಗ ಬೈದೂಬಿಟ್ಟೆ. ಕಡೀಕ ಅಕಿನ ಸೋತು, "ನಾನ ಹೇಳಿ ಬರತೀನಿ, ಏನ ಹೇಳಲಿ?" ಅಂದಳು. 'ಪ್ಲೇಟು ಕುಗ್ಗತೈತಿ, ತೂತು ಹೊರಗ ಸರಸ್ರಿ, ಅಲ್ಲೀಮಟ ಕೊರೀಬ್ಯಾಡ್ರಿ.' ನಾಕ ಸಲ ಬಾಯಿಪಾಠ ಮಾಡಿಸಿ, ನಂಬರಿನ ಚೀಟಿ ಕೈಯಾಗಿಟ್ಟೆ. ಅಕಿ ಹೊರಗಿಂದ ಚಿಲಕ ಹಾಕ್ಕೊಂಡ ಹೋದಳು.

ಬಂದಾಗ ಮುಖದ ತುಂಬ ನಗಿ.

"ಭಾಳ ಛಲೋ ಮಂದಿ ಬಿಡವಾ. ಆ ತಪ್ಪು ಯಾರೋ ಮೊದ್ಲ ನೋಡಿ ತಿದ್ಯಾರಂತ. ಇನ್ನ ಮುಂದಿನ ಪ್ಲೇಟೆಲ್ಲಾ ಅವರ ಮಾಡ್ತಾರಂತ. 'ಬಾಣಂತಿ ಅದಾರ, ಅವರಿಗ್ಯಾಕ ತ್ರಾಸ, ಹೌದಲ್ರಿ ಅಮ್ಮಾರ?' ಅಂತ ಕೇಳಿದ್ರು ನಿಮ್ಮ ಸಾಹೇಬ್ರು."

"ನೀ ಏನಂದಿ?"

"ಏನಂತೀನಿ? ಹೂಂನ್ರಿ ಅಂದೆ."