ಎಂಜಿನ್ನಿನೊಳಗೆ ಮುರಿದ ಎಲ್ಬೋ

ನಾನು ಬೆಳಗಿನ ಶಿಫ್ಟ್ ಮುಗಿಸಿ ತಮಿಳು ಸೀಮೆಯ ಆಲಸನತ್ತಂನ ನಮ್ಮ ಬಾಡಿಗೆ ಮನೆಗೆ ಬಂದಾಗ ನನ್ನ ಗಂಡ ಬೈಕಿನ ಪಕ್ಕ ನೆಲದ ಮೇಲೆ ಕೂತಿದ್ದರು. ಎಂಜಿನ್ನನ್ನು ತಣ್ಣಗಿಡುವ ಹಸಿರು ಕೂಲೆಂಟನ್ನು ಹಳೇ ಬೋಗುಣಿಗೆ ಇಳಿಸಿದ್ದರು. ಎಡಗೈಯಲ್ಲಿ ರಬ್ಬರ್ ಹೋಸು ಹಿಡಿದಿದ್ದರು. ಅದರ ತುದಿಯಲ್ಲಿ ಕರಿ ಪ್ಲಾಸ್ಟಿಕ್ಕಿನ ತುಂಡೊಂದು ಸಿಕ್ಕಿಕೊಂಡಿತ್ತು.

"ಎಲ್ಬೋ ಮುರ್ದೋಯ್ತು," ಅಂದರು. "ಅರ್ಧ ಒಳಗೇ ಕುಂತದೆ."

ಎಲ್ಬೋ ಅಂದರೆ ಹೋಸಿನಿಂದ ಎಂಜಿನ್ನಿಗೆ ಕೂಲೆಂಟ್ ಹೋಗುವ ಬಾಗಿದ ಪ್ಲಾಸ್ಟಿಕ್ ಪೈಪು. ವರ್ಷಗಟ್ಟಲೆ ಬಿಸಿಗೆ ಬೆಂದು ಹಪ್ಪಳದ ಹಾಗೆ ಪೆಡಸಾಗಿತ್ತು. ಎರಡು ದಿನದಿಂದ ಅಲ್ಲಿ ಸೋರುತ್ತಿತ್ತು, ಹೊಸದನ್ನೂ ತಂದಿಟ್ಟಿದ್ದರು. ಹೋಸನ್ನು ಮೆಲ್ಲಗೆ ತಿರುಗಿಸಿ ಸಡಿಲ ಮಾಡಿ ಬಿಚ್ಚಬೇಕಿತ್ತು. ತಿರುಗಿಸಲು ಅವರ ಬಲಗೈಯಲ್ಲಿ ಹೆಬ್ಬೆರಳು, ತೋರುಬೆರಳು ಬಿಟ್ಟರೆ ಬೇರೆ ಬೆರಳಿಲ್ಲ. ಎಡಗೈಯಲ್ಲಿ ಹಿಡಿದು ಎಳೆದುಬಿಟ್ಟಿದ್ದರು.

ಮಿಕ್ಕ ಮೂರು ಬೆರಳು ಹಿಂದಿನ ವರ್ಷ ಫ್ಯಾಕ್ಟರಿಯಲ್ಲಿ ತಗಡು ಒತ್ತುವ ಪ್ರೆಸ್ಸಿನಲ್ಲಿ ಹೋದವು. ಕೈ ಒಳಗಿದ್ದರೆ ಮೆಷಿನ್ ಇಳಿಯದ ಹಾಗೆ ತಡೆಯಲು ಒಂದು ಗಾರ್ಡ್ ಇರುತ್ತದೆ. ಅದು ತೆರೆದಿದ್ದರೂ ಮೆಷಿನ್ ನಡೆಯಲೆಂದು ಅದರ ಸ್ವಿಚ್ಚಿಗೆ ಯಾರೋ ತಂತಿ ಸುತ್ತಿ ಕಟ್ಟಿದ್ದರು. ಕಟ್ಟಿದ್ದು ಹಿಂದಿನ ಶಿಫ್ಟಿನ ಆಪರೇಟರ್, ರಾಯಕೋಟೆಯವನು ಅಂತ ನನ್ನ ಗಂಡ ಆಸ್ಪತ್ರೆಯಲ್ಲಿ ಮಲಗಿಕೊಂಡೇ ಸೂಪರ್‌ವೈಸರಿಗೆ ಹೇಳಿದರು. ಅವನು ಕಾಂಟ್ರಾಕ್ಟ್ ಆಳು, ಮಾರನೇ ದಿನವೇ ತೆಗೆದುಹಾಕಿದರು. ಆದರೂ ಎಳನೀರು ಹಿಡಿದುಕೊಂಡು ನೋಡಲು ಬಂದ. ವಾರ್ಡಿನ ಬಾಗಿಲಲ್ಲಿ ನಾನೇ ತಡೆದು, ಜನರೆಲ್ಲ ತಿರುಗಿ ನೋಡುವ ಹಾಗೆ ಬೈದೆ. ಅವನು ಎಳನೀರನ್ನು ಬೆಂಚಿನ ಮೇಲಿಟ್ಟು ಹೋದ.

"ಮೆಕ್ಯಾನಿಕ್ ಹತ್ರ ತಳ್ಕೊಂಡು ಹೋಗಾಣ," ಅಂದೆ.

"ಬ್ಯಾಡ. ನೀನೇ ತೆಗಿ, ನಾನು ಹೇಳ್ಕೊಡ್ತೀನಿ."

ಅಂಗಡಿಯಲ್ಲಿ ಎಲ್ಲರೂ ಕೈ ನೋಡುತ್ತಾರೆ. ಅದಕ್ಕೇ ಬೇಡ ಅಂದದ್ದು. ಆ ಎರಡು ಬೆರಳಲ್ಲೇ ಆಕ್ಸಿಲರೇಟರ್ ತಿರುಗಿಸುವುದನ್ನು ಹಠ ಹಿಡಿದು ಕಲಿತಿದ್ದರು. ಕಲಿಯುವಾಗಲೂ ಯಾರೂ ಇಲ್ಲದ ರಸ್ತೆ ಹುಡುಕಿಕೊಂಡು ಹೋಗುತ್ತಿದ್ದರು.

ಮೊದಲು ಸ್ಕ್ರೂಡ್ರೈವರನ್ನು ಒಲೆಯ ಮೇಲೆ ಕಾಯಿಸಿ ಒಳಗಿದ್ದ ತುಂಡಿಗೆ ಚುಚ್ಚಿದೆ. ಆರಿದ ಮೇಲೆ ಎಳೆದರೆ ಬರುತ್ತದೆ ಅಂದಿದ್ದರು. ಸ್ಕ್ರೂಡ್ರೈವರ್ ಮಾತ್ರ ಬಂತು, ಸುಟ್ಟ ವಾಸನೆ ಬಂತು. ಆಮೇಲೆ ಚೂರು ಒಳಗೆ ಬೀಳದಿರಲೆಂದು ತೂತಿನೊಳಗೆ ಬಟ್ಟೆ ತುರುಕಿ, ಹ್ಯಾಕ್ಸಾ ಬ್ಲೇಡಿನ ಒಂದು ತುದಿಗೆ ಚಿಂದಿ ಸುತ್ತಿ ಹಿಡಿದುಕೊಂಡು, ಪ್ಲಾಸ್ಟಿಕ್ಕನ್ನು ಒಳಗಡೆಯಿಂದ ಕೊಯ್ಯತೊಡಗಿದೆ.

"ಪ್ಲಾಸ್ಟಿಕ್ ಮಾತ್ರ ಕೊಯ್ಯಿ. ಅಲ್ಯೂಮಿನಿಯಂಗೆ ಗೀಟು ಬಿದ್ರೆ ಮತ್ತೆ ಸೋರ್ತದೆ."

ತಯಾರಾದ ಪೀಸುಗಳ ಮೇಲಿನ ಗೀಟು ಹುಡುಕುವುದೇ ಫ್ಯಾಕ್ಟರಿಯಲ್ಲಿ ನನ್ನ ಕೆಲಸ. ಹೇಳಿಸಿಕೊಳ್ಳಬೇಕಾಗಿರಲಿಲ್ಲ. ಒಂದು ಸೀಳು ಮುಗಿಸುವಷ್ಟರಲ್ಲಿ ಮಣಿಕಟ್ಟು ಸೋತುಹೋಯಿತು. ತುಂಡು ಅಲ್ಲಾಡಲೇ ಇಲ್ಲ.

"ಸುತ್ತಿಗೇಲಿ ಒಂದೇಟು ಹೊಡ್ದುಬುಡ್ತೀನಿ," ಅಂದೆ.

"ಅವಸರ ಮಾಡಬ್ಯಾಡ." ಬೋಗುಣಿಯ ಕಡೆ ನೋಡುತ್ತಾ ಹೇಳಿದರು: "ಆ ತಂತಿ ಕಟ್ಟಿದ್ದು ನಾನೇ ಕಣೆ."

ನನಗೆ ತಕ್ಷಣ ಅರ್ಥವಾಗಲಿಲ್ಲ. "ಯಾವ ತಂತಿ?"

"ಪ್ರೆಸ್ಸಿಂದು. ಗಾರ್ಡ್ ತೆಗ್ದು ಮುಚ್ಚಿ ಮಾಡ್ತಾ ಇದ್ರೆ ಅವ್ರು ಕೇಳಿದಷ್ಟು ಪೀಸ್ ಆಗ್ತಿರ್ಲಿಲ್ಲ. ಶಿಫ್ಟ್ ಬದಲಾಗೋವಾಗ ಆ ರಾಯಕೋಟೆಯವನು ನೋಡಿ, ಬ್ಯಾಡಣ್ಣ, ಬಿಚ್ಚು ಅಂದ. ನೀನ್ ಹೋಗ್ಲಾ ಅಂದೆ."

ಬ್ಲೇಡ್ ನನ್ನ ಕೈಯಲ್ಲೇ ಇತ್ತು. ಬೈಯಬೇಕು ಅನ್ನಿಸಿತು, ಆದರೆ ಬೈಗುಳವನ್ನೆಲ್ಲ ಆವತ್ತು ವಾರ್ಡಿನ ಬಾಗಿಲಲ್ಲೇ ಖರ್ಚು ಮಾಡಿದ್ದೆ. ಇನ್ನೊಂದು ಸೀಳು ಕೊಯ್ದೆ. ಎರಡು ಸೀಳಿನ ನಡುವಿನ ಭಾಗವನ್ನು ಇಕ್ಕಳದಲ್ಲಿ ಒಳಕ್ಕೆ ಮಡಚಿದಾಗ ಚಟ್ ಅಂದಿತು. ಇಡೀ ತುಂಡು ರಬ್ಬರ್ ರಿಂಗಿನ ಸಮೇತ ಹೊರಗೆ ಬಂತು. ಬಟ್ಟೆ ತೆಗೆದು ಬೆರಳಾಡಿಸಿ ನೋಡಿದೆ. ಎಲ್ಲೂ ಗೀಟಿರಲಿಲ್ಲ. ಹೊಸ ಎಲ್ಬೋ ಒತ್ತಿ ಕೂರಿಸಿ, ಹೊಸ ಕೂಲೆಂಟ್ ತುಂಬಿ ಸ್ಟಾರ್ಟ್ ಮಾಡಿದೆವು. ಒಂದು ತೊಟ್ಟೂ ಸೋರಲಿಲ್ಲ.

ಮುಂದಿನ ವಾರದ ರಜೆಯಲ್ಲಿ ಅದೇ ಬೈಕಿನಲ್ಲಿ ರಾಯಕೋಟೆಗೆ ಹೋದೆವು. ಹೋಗಲೇಬೇಕು ಅಂದವಳು ನಾನು. ಆ ಆಪರೇಟರ್ ಈಗ ಮಾರುಕಟ್ಟೆಯಲ್ಲಿ ಟೊಮ್ಯಾಟೊ ಕ್ರೇಟು ಹೊರುತ್ತಿದ್ದ. ಮೊದಲಿಗಿಂತ ಇಳಿದುಹೋಗಿದ್ದ. ಮನೆಗೆ ಕರೆದುಕೊಂಡು ಹೋಗಿ ಚಾಪೆ ಹಾಸಿದ. ಅವನ ತಾಯಿ ಮಜ್ಜಿಗೆ ಕೊಟ್ಟರು. ನನ್ನ ಗಂಡ ತಲೆ ಎತ್ತದೆ ಎಲ್ಲಾ ಹೇಳಿದರು.

"ನಂಗೇನು ಹೊಸ ವಿಷಯ ಅಲ್ಲವಲ್ಲಣ್ಣ," ಅಂದ ಅವನು. "ಬೇರೆ ಫ್ಯಾಕ್ಟರೀಲೂ ಯಾರೂ ತಗೊಳ್ತಿಲ್ಲ, ಹೋದ ಕಡೆಯೆಲ್ಲ ಈ ಸುದ್ದಿ ನನಗಿಂತ ಮುಂಚೆ ಹೋಗಿರ್ತದೆ. ಆಫೀಸಲ್ಲಿ ಒಂದ್ಸಲ ನಿಜ ಹೇಳ್ತೀಯಾ?"

ಗಂಡ ನನ್ನ ಮುಖ ನೋಡಿದರು. ಅಪಘಾತವಾದ ಮೇಲೆ ಫ್ಯಾಕ್ಟರಿಯವರು ಅವರನ್ನು ಗೇಟಿನಲ್ಲಿ ಗಾಡಿ ನಂಬರ್ ಬರೆಯಲು ಕೂರಿಸಿದ್ದರು. ನಿಜ ಹೇಳಿದರೆ ಆ ಕುರ್ಚಿ ಹೋಗುತ್ತದೆ. ಆ ಕೈಗೆ ಇನ್ನೊಂದು ಕೆಲಸ ಎಲ್ಲಿ ಸಿಗುತ್ತದೆ? ಅವನಿಗೆ ಬೈದದ್ದಕ್ಕೆ ಕ್ಷಮೆ ಕೇಳಬೇಕು ಅಂತ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಬಾಯಿಂದ ಬಂದದ್ದು ಬೇರೆ.

"ನಮ್ಮನೆ ಇವರ ಗೇಟಿನ ಕೆಲ್ಸದ ಮೇಲೇ ನಡೀತಾ ಅದೆ ಕಣಪ್ಪ."

ಅವನು ಖಾಲಿ ಲೋಟಗಳನ್ನು ಒಂದರೊಳಗೊಂದು ಇಟ್ಟು ಎದ್ದ. ಅಲ್ಲಿಯವರೆಗೂ ನಮ್ಮ ಜೊತೆ ಕನ್ನಡದಲ್ಲೇ ಮಾತಾಡುತ್ತಿದ್ದವನು, ಬಾಗಿಲಲ್ಲಿ ಗುರುತಿಲ್ಲದವರಿಗೆ ಹೇಳುವ ಹಾಗೆ ತಮಿಳಿನಲ್ಲಿ, "ಸರಿ, ಪೋಯಿಟ್ಟು ವಾಂಗ," ಅಂದ; ಹೋಗಿ ಬನ್ನಿ ಅಂತ.

ಎದ್ದು ಬಂದೆವು. ನನ್ನ ಗಂಡ ಇವತ್ತಿಗೂ ಆಫೀಸಿನಲ್ಲಿ ಹೇಳಿಲ್ಲ. ಹೇಳಿ ಅಂತ ನಾನೂ ಅಂದಿಲ್ಲ.