ಗದ್ದೆಯಲ್ಲಿ ನಿಂತ ಅಪರಿಚಿತ

ಗೆಳೆಯರೇ, ಇವತ್ತು ನಮ್ಮ ತುರ್ವಿಹಾಳದ ಗದ್ದೆಯಲ್ಲಿ ಕಳ್ಳ ಸಿಕ್ಕ.

ಮೋಟಾರಿನ ವೈರು ಕದಿಯುವವರ ಕಾಟಕ್ಕೆ ತಮ್ಮ ಮಲ್ಲೇಶಿ ನಿನ್ನೆ ಅಲ್ಲೊಂದು ಕ್ಯಾಮೆರಾ ನಿಲ್ಲಿಸಿದ್ದಾನೆ. ಮನುಷ್ಯರನ್ನು ತಾನೇ ಗುರುತಿಸಿ ಫೋನಿಗೆ ಸುದ್ದಿ ಕಳಿಸುತ್ತದೆ. ಬೆಳಿಗ್ಗೆಯಿಂದ ಒಂದೇ ಸುದ್ದಿ: ‘ಅಪರಿಚಿತ ವ್ಯಕ್ತಿ ಗದ್ದೆಯಲ್ಲಿ ನಿಂತಿದ್ದಾರೆ.’

ತೆರೆದು ನೋಡಿದರೆ ಗುಬ್ಬಿ ಓಡಿಸುವ ಬೆದರುಗೊಂಬೆ. ಹೋದ ತಿಂಗಳು ತೀರಿಕೊಂಡ ಅಪ್ಪನ ಅಂಗಿ, ರುಮಾಲು ತೊಡಿಸಿ ಅವ್ವನೇ ನಿಲ್ಲಿಸಿದ್ದು. ಗಾಳಿಗೆ ಅಂಗಿಯ ತೋಳು ಆಡುತ್ತಿತ್ತು.

“ಫೋನು ಮುಂಜಾನಿಂದ ಒದರಾಕತ್ತೈತಿ. ಆ ಗೊಂಬಿ ಕಿತ್ತು ಒಗೀತೀನಿ ಬೇ,” ಎಂದ ಮಲ್ಲೇಶಿ.

“ಕೈ ಹಚ್ಚಿ ನೋಡು ಲೇ! ನಿಮ್ಮಪ್ಪ ಮಾಡಿದ ಗದ್ಯಾಗ ನಿಮ್ಮಪ್ಪನೇ ಗುರುತಿಲ್ಲದಾಂವ ಆದನೇನು? ಮೊದಲು ಆ ಕ್ಯಾಮೆರಾಕ್ಕ ಹೆಸರು ಹೇಳು,” ಎಂದಳು ಅವ್ವ.

ಪರಿಚಿತರ ಹೆಸರು ಸೇರಿಸಲು ಅದರಲ್ಲಿ ಜಾಗವಿತ್ತು. ಮಲ್ಲೇಶಿ ‘ಅಪ್ಪ’ ಎಂದು ಬರೆದ.

ದೀಪ ಹಚ್ಚುವ ಹೊತ್ತಿಗೆ ಫೋನ್ ಮತ್ತೆ ಸದ್ದು ಮಾಡಿತು: ‘ಅಪ್ಪ ಗದ್ದೆಯಲ್ಲಿ ನಿಂತಿದ್ದಾರೆ.’

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ನಿಮ್ಮಪ್ಪಗ ಯಾವತ್ತಾರ ಹೊತ್ತಿಗೆ ಸರಿಯಾಗಿ ಮನಿ ನೆನಪಾಗೈತೇನು?” ಎಂದಳು.

ಗುರುತು ಹಿಡಿಯುವುದನ್ನು ಕಲಿಸಿದ್ದಾಯಿತು. ಊಟಕ್ಕೆ ಕರೆತರುವ ಕ್ಯಾಮೆರಾ ಎಲ್ಲಾದರೂ ಸಿಕ್ಕರೆ ಹೇಳಿ.